ಆಫೀಸ್ ಪಾರ್ಟಿಯ ಪರಿಸರ ಲೆಕ್ಕ: ಪೇಪರ್ ಲೋಟ ತಂದರೆ ಮುಗಿಯಿತಾ?

ಹಬ್ಬದ ಸೀಸನ್ ಹತ್ತಿರ ಬಂತು ಅಂದರೆ ಕಂಪನಿಗಳಲ್ಲಿ ಒಂದು ಕಮಿಟಿ ಹುಟ್ಟಿಕೊಳ್ಳುತ್ತದೆ. ಎಚ್‌ಆರ್‌ನಿಂದ ಇಬ್ಬರು, ಅಡ್ಮಿನ್‌ನಿಂದ ಒಬ್ಬರು, ಉತ್ಸಾಹ ಇರುವ ನಾಲ್ಕೈದು ಉದ್ಯೋಗಿಗಳು. ಈಚೆಗೆ ಇಂಥ ಕಮಿಟಿಯ ಮೊದಲ ಮೀಟಿಂಗ್‌ನಲ್ಲೇ ಯಾರಾದರೂ ಒಬ್ಬರು ಹೇಳುತ್ತಾರೆ: ಈ ಸಲ ಪರಿಸರಕ್ಕೆ ಹೊರೆಯಾಗದ ಹಾಗೆ ಮಾಡೋಣ ಅಲ್ವಾ? ಎಲ್ಲರೂ ಹೂಂ ಅನ್ನುತ್ತಾರೆ. ಪ್ಲಾಸ್ಟಿಕ್ ತಟ್ಟೆ ಬೇಡ, ಪೇಪರ್ ಲೋಟ ತರೋಣ, ಥರ್ಮಾಕೋಲ್ ಬೇಡ, ಬಟ್ಟೆ ಚೀಲ ಹಂಚೋಣ, ಕೊನೆಗೆ ಒಂದಷ್ಟು ಗಿಡ ನೆಡೋಣ ಎಂದು ತೀರ್ಮಾನವಾಗುತ್ತದೆ.

ಒಳ್ಳೆಯ ಮನಸ್ಸಿನಿಂದಲೇ ಮಾಡುವ ಕೆಲಸ ಇದು. ಆದರೆ ಹೊರೆ ಎಲ್ಲಿದೆಯೋ ಅಲ್ಲಿಗೆ ಈ ಕೆಲಸದ ಬಹುಪಾಲು ತಲುಪುವುದೇ ಇಲ್ಲ. ಪಾರ್ಟಿಯ ದಿನ ಕಣ್ಣಿಗೆ ಬೀಳುವುದು ತಟ್ಟೆ, ಲೋಟ, ಬ್ಯಾನರ್, ಕಸದ ಡಬ್ಬಿ. ಹಾಗಾಗಿ ನಮ್ಮ ಗಮನವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಿಜವಾದ ಹೊರೆ ನಿರ್ಧಾರವಾಗುವುದು ಅದಕ್ಕೂ ಆರೆಂಟು ವಾರ ಮೊದಲು. ಜನ ಎಲ್ಲಿಂದ ಎಲ್ಲಿಗೆ, ಯಾವುದರಲ್ಲಿ ಬರುತ್ತಾರೆ? ಎಷ್ಟು ಜನಕ್ಕೆ, ಏನು ಅಡುಗೆ? ಹೋಗುವಾಗ ಎಲ್ಲರ ಕೈಗೆ ಏನು ಕೊಡುತ್ತೇವೆ? ಈ ಮೂರು ಪ್ರಶ್ನೆಗೆ ಉತ್ತರ ಬರೆದು ಸಹಿ ಹಾಕಿದ ಮೇಲೆ, ಪಾರ್ಟಿಯ ದಿನ ಏನೇ ಒದ್ದಾಡಿದರೂ ಉಳಿಸಲು ಸಿಗುವುದು ಸ್ವಲ್ಪವೇ.

ಮೊದಲು ಪ್ರಯಾಣ

ಒಂದು ಉದಾಹರಣೆ ತೆಗೆದುಕೊಳ್ಳೋಣ. 400 ಜನರ ಕಂಪನಿ. 300 ಜನ ಮುಖ್ಯ ಕಚೇರಿಯಲ್ಲಿದ್ದಾರೆ, 100 ಜನ 500 ಕಿ.ಮೀ. ದೂರದ ಇನ್ನೊಂದು ಕಚೇರಿಯಲ್ಲಿ. ವರ್ಷಕ್ಕೊಮ್ಮೆಯಾದರೂ ಎಲ್ಲರೂ ಒಟ್ಟಿಗೆ ಸೇರಲಿ ಅಂತ ಆ 100 ಜನರಿಗೂ ವಿಮಾನದ ಟಿಕೆಟ್ ಮಾಡಿಸುತ್ತಾರೆ. ಹೋಗಿ ಬರುವುದು ಸೇರಿ ಒಬ್ಬೊಬ್ಬರಿಗೆ 1,000 ಕಿ.ಮೀ.

ಬ್ರಿಟನ್ ಸರ್ಕಾರ ಕಂಪನಿಗಳ ಕಾರ್ಬನ್ ಲೆಕ್ಕಕ್ಕೆಂದೇ ಪ್ರತಿವರ್ಷ ಅಂಕಿಗಳ ಪಟ್ಟಿಯೊಂದನ್ನು ಹೊರಡಿಸುತ್ತದೆ. ಬೇರೆ ದೇಶದವರೂ ಅದನ್ನು ಬಳಸುವುದುಂಟು. ವರ್ಷದಿಂದ ವರ್ಷಕ್ಕೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಸುಮಾರಾಗಿ ಹೇಳುವುದಾದರೆ, ದೇಶದೊಳಗಿನ ವಿಮಾನದಲ್ಲಿ ಒಬ್ಬರು ಒಂದು ಕಿ.ಮೀ. ಹೋದರೆ 250 ಗ್ರಾಂ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಅನಿಲ ಗಾಳಿಗೆ ಸೇರುತ್ತದೆ. ಒಬ್ಬರೇ ಕೂತ ಪೆಟ್ರೋಲ್ ಕಾರಿನಲ್ಲಿ 170 ಗ್ರಾಂ. ರೈಲಿನಲ್ಲಿ 35 ಗ್ರಾಂ. ದೂರ ಪ್ರಯಾಣದ ಬಸ್ಸಿನಲ್ಲಿ 30 ಗ್ರಾಂಗಿಂತ ಕಡಿಮೆ.

ಈಗ ಗುಣಿಸಿ ನೋಡಿ. ಆ 100 ಜನ ವಿಮಾನದಲ್ಲಿ ಬಂದುಹೋದರೆ 25 ಟನ್. ಅದೇ ಜನ ರೈಲಿನಲ್ಲಿ ಬಂದರೆ ಮೂರೂವರೆ ಟನ್. ಇನ್ನೊಂದು ಪಕ್ಕದಲ್ಲಿ ತಟ್ಟೆಗಳನ್ನು ಇಡಿ. ತಲಾ 15 ಗ್ರಾಂ ತೂಕದ 400 ಪ್ಲಾಸ್ಟಿಕ್ ತಟ್ಟೆ ಅಂದರೆ 6 ಕೆ.ಜಿ. ಪ್ಲಾಸ್ಟಿಕ್. ತಯಾರಿಕೆ, ಸಾಗಾಟ, ವಿಲೇವಾರಿ ಎಲ್ಲ ಸೇರಿಸಿ ಧಾರಾಳವಾಗಿ ಲೆಕ್ಕ ಹಾಕಿದರೂ 30 ಕೆ.ಜಿ. ಆಸುಪಾಸು. ಒಂದು ಕಡೆ 25,000 ಕೆ.ಜಿ., ಇನ್ನೊಂದು ಕಡೆ 30 ಕೆ.ಜಿ. ಕಮಿಟಿಯ ಮೀಟಿಂಗ್‌ನಲ್ಲಿ ಒಂದು ಗಂಟೆ ಚರ್ಚೆಯಾಗುವುದು ತಟ್ಟೆಯ ಬಗ್ಗೆ. ವಿಮಾನದ ಟಿಕೆಟ್ ಅಷ್ಟರಲ್ಲಿ ಟ್ರಾವೆಲ್ ಡೆಸ್ಕ್‌ನಲ್ಲಿ ಬುಕ್ ಆಗಿಹೋಗಿರುತ್ತದೆ.

ಹಾಗಂತ ತಟ್ಟೆಯ ಚರ್ಚೆ ವ್ಯರ್ಥ ಅಂತ ಹೇಳುತ್ತಿಲ್ಲ. ಪ್ಲಾಸ್ಟಿಕ್‌ನ ತೊಂದರೆ ಬೇರೆ ಜಾತಿಯದು. ಅದು ಮಣ್ಣಿನಲ್ಲಿ, ನೀರಿನಲ್ಲಿ, ಪ್ರಾಣಿಗಳ ಹೊಟ್ಟೆಯಲ್ಲಿ ಉಳಿದುಬಿಡುತ್ತದೆ. ಅದನ್ನು ಕೆ.ಜಿ. ಕಾರ್ಬನ್‌ನಲ್ಲಿ ಅಳೆಯಲು ಆಗುವುದಿಲ್ಲ. ಆದರೆ ಹವಾಮಾನದ ಹೆಸರು ಹೇಳಿಕೊಂಡು ತಟ್ಟೆಯೊಂದನ್ನೇ ಬದಲಿಸಿ ಸಮಾಧಾನಪಟ್ಟುಕೊಂಡರೆ ಅದು ನಮಗೆ ನಾವೇ ತಪ್ಪು ಲೆಕ್ಕ ಕೊಟ್ಟುಕೊಂಡ ಹಾಗೆ.

ಪರಿಹಾರ ಕಷ್ಟದ್ದೇನೂ ಅಲ್ಲ. ಒಂದೊಂದು ಕಚೇರಿಯವರು ತಮ್ಮ ಜಾಗದಲ್ಲೇ ಹಬ್ಬ ಮಾಡಲಿ. ಅರ್ಧ ಗಂಟೆ ವಿಡಿಯೊದಲ್ಲಿ ಎಲ್ಲರೂ ಸೇರಲಿ, ಬಹುಮಾನ ಕೊಡುವುದು, ಹಾಡು, ಮಾತು ಆ ಹೊತ್ತಿಗಿರಲಿ. ಮುಖಾಮುಖಿ ಭೇಟಿಗೂ ತನ್ನದೇ ಬೆಲೆಯಿದೆ, ಅದನ್ನು ಪೂರ್ತಿ ಬಿಡಿ ಅನ್ನುವುದು ಸರಿಯಲ್ಲ. ಆದರೆ ವಾರ್ಷಿಕ ಸಭೆಗೋ ತರಬೇತಿಗೋ ಹೇಗೂ ಎಲ್ಲರೂ ಬರುವ ಸಮಯ ಒಂದಿರುತ್ತದಲ್ಲ, ಸಂಭ್ರಮವನ್ನು ಅದಕ್ಕೇ ಜೋಡಿಸಿದರೆ ಎರಡನೇ ಓಡಾಟ ಉಳಿಯುತ್ತದೆ.

ಒಂದೇ ಊರಿನಲ್ಲಿರುವ ಕಂಪನಿಗೂ ಈ ಮಾತು ಅನ್ವಯಿಸುತ್ತದೆ. ಊರಾಚೆ 40 ಕಿ.ಮೀ. ದೂರದ ರೆಸಾರ್ಟ್ ಅಂದುಕೊಳ್ಳಿ. 150 ಕಾರು ಹೋಗಿ ಬಂದರೆ 12,000 ಕಿ.ಮೀ., ಅಂದರೆ ಎರಡು ಟನ್. ಅದರ ಬದಲು ಕೆಲಸದ ದಿನ ಮಧ್ಯಾಹ್ನ, ಕಚೇರಿಯಲ್ಲೇ ಅಥವಾ ನಡೆದು ಹೋಗುವಷ್ಟು ದೂರದ ಹಾಲ್‌ನಲ್ಲಿ ಮಾಡಿದರೆ? ಜನ ಆ ದಿನ ಹೇಗೂ ಆಫೀಸಿಗೆ ಬಂದಿರುತ್ತಾರೆ. ಹೆಚ್ಚುವರಿ ಓಡಾಟ ಸೊನ್ನೆ. ಇದಕ್ಕೊಂದು ಕೂಡುಲಾಭವೂ ಇದೆ. ಚಿಕ್ಕ ಮಕ್ಕಳಿರುವವರು, ವಯಸ್ಸಾದ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು, ತಡರಾತ್ರಿ ಒಬ್ಬರೇ ಮನೆಗೆ ಹೋಗಬೇಕಾದವರು ರಾತ್ರಿ ಪಾರ್ಟಿಗೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾರೆ. ಮಧ್ಯಾಹ್ನದ ಪಾರ್ಟಿಯಲ್ಲಿ ಅವರೂ ಇರುತ್ತಾರೆ. ನನಗೆ ಕೇಳಿದರೆ ಇಡೀ ಯೋಜನೆಯಲ್ಲಿ ಇದಕ್ಕಿಂತ ದೊಡ್ಡ, ಇದಕ್ಕಿಂತ ಸುಲಭದ ನಿರ್ಧಾರ ಇನ್ನೊಂದಿಲ್ಲ.

ಕಂಪನಿಯ ಕಾರ್ಬನ್ ಲೆಕ್ಕದಲ್ಲಿ ಪಾರ್ಟಿಗೂ ಜಾಗವಿದೆ. ಕಾರ್ಬನ್ ಲೆಕ್ಕಕ್ಕೆ ಜಗತ್ತಿನಾದ್ಯಂತ ಬಳಸುವ ಜಿಎಚ್‌ಜಿ ಪ್ರೋಟೊಕಾಲ್ ಎಂಬ ಪದ್ಧತಿಯಲ್ಲಿ, ಕೊಂಡ ಕರೆಂಟ್ ಬಿಟ್ಟು ಕಂಪನಿಯ ಗೋಡೆಯ ಆಚೆ ಆಗುವ ಹೊರಸೂಸುವಿಕೆಗೆ ಸ್ಕೋಪ್ 3 ಎಂಬ ಹೆಸರು. 2011ರಲ್ಲಿ ಬಂದ ಅದರ ನಿಯಮಗಳಲ್ಲಿ 15 ಬಾಬ್ತುಗಳಿವೆ. ಕೊಂಡ ಸಾಮಾನು ಮತ್ತು ಸೇವೆ ಒಂದನೆಯದು, ಕಸ ಐದನೆಯದು, ಕೆಲಸದ ಮೇಲಿನ ಪ್ರಯಾಣ ಆರನೆಯದು. ಪಾರ್ಟಿ ಈ ಮೂರರಲ್ಲೂ ಹಂಚಿಹೋಗುತ್ತದೆ. ಹೆಚ್ಚಿನ ಮಾಹಿತಿ ಆಗಲೇ ಅಕೌಂಟ್ಸ್ ವಿಭಾಗದ ಬಿಲ್ಲುಗಳಲ್ಲಿದೆ. ಯಾರಾದರೂ ಕೂತು ತೆಗೆದು ನೋಡಬೇಕು, ಅಷ್ಟೇ.

ಪ್ಲೇಟ್ ಲೆಕ್ಕ

ಎರಡನೆಯದು ಊಟ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನ ಮನೆಗಳು, ಅಂಗಡಿಗಳು, ಹೋಟೆಲ್–ಕೇಟರಿಂಗ್ ಸೇರಿ 105 ಕೋಟಿ ಟನ್ ಆಹಾರ ಬಿಸಾಡಿವೆ. ಗ್ರಾಹಕರ ಕೈಗೆ ಸಿಗುವ ಆಹಾರದಲ್ಲಿ ಇದು ಶೇ 19. ಇದರಲ್ಲಿ ಹೋಟೆಲ್–ಕೇಟರಿಂಗ್ ಪಾಲು ಶೇ 28. ಹೊಲದಿಂದ ತಟ್ಟೆಯವರೆಗೆ ಹಾಳಾಗುವ ಆಹಾರವನ್ನೆಲ್ಲ ಸೇರಿಸಿದರೆ, ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ 8ರಿಂದ 10 ಅದರಿಂದಲೇ ಬರುತ್ತದೆ ಎಂದೂ ಅದೇ ವರದಿ ಹೇಳುತ್ತದೆ. ಬಿಸಾಡಿದ ಅನ್ನದ ಜೊತೆ ಅದನ್ನು ಬೆಳೆಯಲು ಹಾಕಿದ ನೀರು, ಗೊಬ್ಬರ, ಡೀಸೆಲ್, ಬೇಯಿಸಿದ ಗ್ಯಾಸ್ ಎಲ್ಲವೂ ಹೋಗುತ್ತವೆ. ಮೇಲಿಂದ, ಕಸದ ಗುಡ್ಡೆಯೊಳಗೆ ಗಾಳಿಯಾಡದೆ ಕೊಳೆಯುವಾಗ ಮೀಥೇನ್ ಹೊರಬರುತ್ತದೆ. 20 ವರ್ಷದ ಅವಧಿಯಲ್ಲಿ ನೋಡಿದರೆ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ.

ಪಾರ್ಟಿಯಲ್ಲಿ ಊಟ ಹೇಗೆ ಮಿಗುತ್ತದೆ? ಉಣ್ಣುವವರ ದುರಾಸೆಯಿಂದ ಅಂತ ಸುಮ್ನೆ ಬೈಯುತ್ತೇವೆ. ಆದರೆ ಪ್ಲೇಟ್ ಲೆಕ್ಕದ ಹಾಳೆ ಹಿಡಿದು ಕೂತರೆ ಬೇರೆಯೇ ಕಥೆ ಕಾಣುತ್ತದೆ. ಅದೇ 400 ಜನರ ಕಂಪನಿ. ಎಚ್‌ಆರ್ ಪಟ್ಟಿಯಲ್ಲಿ 400 ಹೆಸರು. ಊಟ ಕಡಿಮೆ ಬಿದ್ದರೆ ಮರ್ಯಾದೆ ಹೋಗುತ್ತದೆ ಅಂತ ಕಮಿಟಿ ಶೇ 10 ಸೇರಿಸುತ್ತದೆ, 440 ಆಯಿತು. ಕೇಟರಿಂಗ್‌ನವರಿಗೂ ಅದೇ ಭಯ. ಅವರು ಇನ್ನೊಂದು ಶೇ 10 ಜಾಸ್ತಿ ಬೇಯಿಸುತ್ತಾರೆ, 484. ಆ ದಿನ ಕೆಲವರು ರಜೆ, ಕೆಲವರು ಕ್ಲೈಂಟ್ ಕಾಲ್‌ನಲ್ಲಿ, ಕೆಲವರು ಮುಖ ತೋರಿಸಿ ಹೊರಡುತ್ತಾರೆ. ಕೂತು ಉಂಡವರು 320. ಯಾರೂ ತಪ್ಪು ಮಾಡಿಲ್ಲ, ಎಲ್ಲರೂ ಎಚ್ಚರಿಕೆ ವಹಿಸಿದ್ದಾರೆ. ಆದರೂ 164 ಊಟ ಮಿಕ್ಕಿತು. ತಲಾ 600 ಗ್ರಾಂ ಹಿಡಿದರೂ ಹತ್ತಿರ ಹತ್ತಿರ 100 ಕೆ.ಜಿ.

ಮಿನಿಮಮ್ ಗ್ಯಾರಂಟಿ ಎಂಬ ಷರತ್ತು ಇದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಇಷ್ಟು ಪ್ಲೇಟಿಗೆ ದುಡ್ಡು ಕೊಟ್ಟೇ ತೀರಬೇಕು, ಬಂದರೂ ಸರಿ, ಬರದಿದ್ದರೂ ಸರಿ ಎಂಬ ಒಪ್ಪಂದ. ಹೇಗೂ ದುಡ್ಡು ಕೊಟ್ಟಾಗಿದೆ ಅಂದಮೇಲೆ ಸಂಖ್ಯೆ ಇಳಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಒಪ್ಪಂದ ಮಾಡುವಾಗಲೇ ಗ್ಯಾರಂಟಿಯನ್ನು ತಗ್ಗಿಸಿ, ಉದಾಹರಣೆಗೆ 280ಕ್ಕೆ ಇಟ್ಟು, ಕೊನೆಯ ಸಂಖ್ಯೆಯನ್ನು 48 ಗಂಟೆ ಮೊದಲು ಕೊಡುತ್ತೇವೆ ಎಂದು ಬರೆಸಿಕೊಳ್ಳಬೇಕು. ದಿನಸಿ ಕೊಳ್ಳುವ ಮೊದಲೇ ಸಂಖ್ಯೆ ಸಿಕ್ಕರೆ ಕೇಟರಿಂಗ್‌ನವರಿಗೂ ಒಳ್ಳೆಯದೇ. ಆ ಸಂಖ್ಯೆ ನಿಜವಾಗಿರಬೇಕಾದರೆ ಉದ್ಯೋಗಿಗಳನ್ನು ಎರಡು ಸಲ ಕೇಳಬೇಕು, ಎರಡು ವಾರ ಮೊದಲೊಮ್ಮೆ, ಮೂರು ದಿನ ಮೊದಲು ಇನ್ನೊಮ್ಮೆ. ಪಾರ್ಟಿಗೆ ಬರ್ತೀರಾ ಅಂತ ಕೇಳಿದರೆ ಎಲ್ಲರೂ ಬರ್ತೀವಿ ಅಂತಲೇ ಒತ್ತುತ್ತಾರೆ. ಊಟಕ್ಕೆ ಇರ್ತೀರಾ ಅಂತ ಬೇರೆಯಾಗಿ ಕೇಳಿ. ಉತ್ತರ ಬದಲಾಗುತ್ತದೆ.

ಇನ್ನೊಂದು ಕಾರಣ ಬಫೆಯ ನಿಯಮದಲ್ಲಿದೆ. ಕೊನೆಯ ಅತಿಥಿ ಬರುವವರೆಗೂ ಎಲ್ಲ ಪಾತ್ರೆಗಳೂ ತುಂಬಿಕೊಂಡೇ ಇರಬೇಕು ಎಂದು ಕರಾರಿನಲ್ಲೇ ಇರುತ್ತದೆ, ಇಲ್ಲದಿದ್ದರೂ ಆಯೋಜಕರು ನಿಂತು ತುಂಬಿಸುತ್ತಾರೆ. ಊಟ ಮುಗಿಯಲು ಹತ್ತು ನಿಮಿಷ ಇರುವಾಗ ತುಂಬಿಸಿದ ದೊಡ್ಡ ಪಾತ್ರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ಕೊನೆಯ ಮುಕ್ಕಾಲು ಗಂಟೆ ಚಿಕ್ಕ ಪಾತ್ರೆಗಳಿಗೆ ಬದಲಾಯಿಸಿ, ಎರಡು ಕೌಂಟರ್ ಸೇರಿಸಿ ಒಂದು ಮಾಡಿ, ಒಂದೆರಡು ಐಟಂ ಮುಗಿದರೆ ಮುಗಿಯಲಿ ಎಂದು ಮೊದಲೇ ಹೇಳಿಬಿಡಿ. ಐಟಂಗಳ ಸಂಖ್ಯೆಯೂ ಹಾಗೆಯೇ. 24 ಬಗೆ ಇಟ್ಟರೆ ಜನ ಎಲ್ಲದರಲ್ಲೂ ಒಂದೊಂದು ಚಮಚ ಹಾಕಿಕೊಳ್ಳುತ್ತಾರೆ, ಅರ್ಧ ತಟ್ಟೆಯಲ್ಲೇ ಉಳಿಯುತ್ತದೆ. ಹತ್ತು ಬಗೆ ಚೆನ್ನಾಗಿ ಮಾಡಿಸಿದರೆ ಊಟ ನೆನಪಿನಲ್ಲಿ ಉಳಿಯುತ್ತದೆ.

ತಟ್ಟೆಯ ಗಾತ್ರದ ಬಗ್ಗೆ ನಾರ್ವೆಯಲ್ಲಿ ಒಂದು ಅಧ್ಯಯನ ನಡೆದಿದೆ. ಅಲ್ಲಿನ ಕೆಲವು ಹೋಟೆಲ್‌ಗಳ ಬಫೆಯಲ್ಲಿ ತಟ್ಟೆ ಸ್ವಲ್ಪ ಚಿಕ್ಕದು ಮಾಡಿದರು. ಇನ್ನು ಕೆಲವು ಕಡೆ ‘ಎಷ್ಟು ಸಲ ಬೇಕಾದರೂ ಬಂದು ಹಾಕಿಸಿಕೊಳ್ಳಿ’ ಎಂಬ ಅರ್ಥದ ಬೋರ್ಡ್ ಇಟ್ಟರು. ಎರಡೂ ಕಡೆ ಆಹಾರದ ಕಸ ಸುಮಾರು ಶೇ 20 ಇಳಿಯಿತು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ತುಂಬ ಹಿಡಿಸಿತು, ಯಾಕೆಂದರೆ ಯಾರಿಗೂ ಏನನ್ನೂ ಬೇಡ ಅನ್ನದೆ ಬಂದ ಉಳಿತಾಯ ಅದು.

ಏನು ಅಡುಗೆ ಅನ್ನುವುದು ಇನ್ನೊಂದು ದೊಡ್ಡ ವಿಷಯ. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರು 119 ದೇಶಗಳ ಸುಮಾರು 38,000 ಫಾರ್ಮ್‌ಗಳ ಮಾಹಿತಿ ಒಟ್ಟುಗೂಡಿಸಿದರು. ಹಸಿರುಮನೆ ಅನಿಲದ ಲೆಕ್ಕದಲ್ಲಿ ಮಾಂಸಕ್ಕೆಂದೇ ಸಾಕಿದ ದನದ ಮಾಂಸ ಎಲ್ಲಕ್ಕಿಂತ ಮೇಲೆ, ಕುರಿಮಾಂಸ ಅದರ ನಂತರ, ಕೋಳಿ ತುಂಬ ಕೆಳಗೆ, ಕಾಳುಗಳು ಅದಕ್ಕೂ ತುಂಬ ಕೆಳಗೆ. ದನದ ಮಾಂಸಕ್ಕೂ ಕೋಳಿಗೂ ಹತ್ತಿರ ಹತ್ತಿರ ಹತ್ತು ಪಟ್ಟು ಅಂತರ. ಇಲ್ಲಿ ಒಂದು ಅಂಶ ಹಲವರ ಗಮನಕ್ಕೆ ಬರುವುದಿಲ್ಲ: ಒಂದು ಕೆ.ಜಿ.ಗೆ ಲೆಕ್ಕ ಹಾಕಿದರೆ ಚೀಸ್ ಕೋಳಿಗಿಂತ ಮೇಲಿದೆ. ಮಾಂಸ ತೆಗೆದು ಆ ಜಾಗಕ್ಕೆಲ್ಲ ಚೀಸ್ ತುಂಬಿದರೆ ಅಂದುಕೊಂಡಷ್ಟು ಲಾಭ ಸಿಗುವುದಿಲ್ಲ. ಕಾಳು, ತರಕಾರಿ, ಧಾನ್ಯ ಮುಂದೆ ಬರಬೇಕು. ಇನ್ನು ‘ಹತ್ತಿರದಲ್ಲೇ ಬೆಳೆದದ್ದು’ ಎಂಬ ಮಾತು. ಅದು ಸ್ಥಳೀಯ ರೈತರಿಗೆ ಒಳ್ಳೆಯದು, ತಾಜಾ ಸಿಗುತ್ತದೆ, ಮಾಡಲೇಬೇಕು. ಆದರೆ ಆಹಾರದ ಒಟ್ಟು ಹೊರೆಯಲ್ಲಿ ಸಾಗಾಟದ ಪಾಲು ಹತ್ತರಲ್ಲಿ ಒಂದಕ್ಕಿಂತ ಕಡಿಮೆ. ಎಲ್ಲಿಂದ ಬಂತು ಅನ್ನುವುದಕ್ಕಿಂತ ಏನು ಬಂತು ಅನ್ನುವುದೇ ಹೆಚ್ಚಿನದು. ವಿಮಾನದಲ್ಲಿ ಬರುವ ಹಣ್ಣು, ಹೂವು ಇದಕ್ಕೆ ಹೊರತು.

ಮಾಂಸ ತಿನ್ನುವವರಿಗೆ ಬೇಡ ಅಂತ ಹೇಳಬೇಕಾ? ಬೇಕಾಗಿಲ್ಲ. ಡೆನ್ಮಾರ್ಕ್‌ನಲ್ಲಿ ಸಮ್ಮೇಳನಗಳ ಊಟದ ಮೇಲೆ ನಡೆದ ಪ್ರಯೋಗಗಳಲ್ಲಿ, ನೋಂದಣಿ ಫಾರ್ಮಿನಲ್ಲಿ ಸಸ್ಯಾಹಾರವನ್ನೇ ಮಾಮೂಲಿ ಊಟ ಅಂತ ಇಟ್ಟು, ಮಾಂಸ ಬೇಕಾದವರು ಹೇಳಿ ಎಂದು ಕೇಳಿದರು. ಮೊದಲು ನೂರಕ್ಕೆ ಹತ್ತರ ಆಸುಪಾಸಿನಲ್ಲಿದ್ದ ಸಸ್ಯಾಹಾರದ ಆಯ್ಕೆ 80 ದಾಟಿತು. ಬೇಕಾದವರಿಗೆ ಮಾಂಸ ಸಿಕ್ಕಿತು. ಬದಲಾದದ್ದು ಫಾರ್ಮಿನ ಒಂದು ಸಾಲು ಮಾತ್ರ.

ಎಷ್ಟು ಎಚ್ಚರ ವಹಿಸಿದರೂ ಸ್ವಲ್ಪ ಊಟ ಮಿಗುತ್ತದೆ. ಅದನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂಬ ಮಾತು ಪಾರ್ಟಿ ಮುಗಿದ ಮೇಲೆ ಬಂದರೆ ತಡವಾಯಿತು ಅಂತಲೇ ಅರ್ಥ. ಬೇಯಿಸಿದ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಣ್ಣಗಿರಬೇಕು. ಇವೆರಡರ ನಡುವೆ ಎರಡು ಗಂಟೆಗಿಂತ ಹೆಚ್ಚು ಇದ್ದರೆ ರೋಗಾಣುಗಳು ಬೆಳೆಯುತ್ತವೆ. ಬಫೆಯ ಮೇಲೆ ತೆರೆದಿಟ್ಟು, ನೂರು ಜನ ಚಮಚ ಆಡಿಸಿದ ಊಟವನ್ನು ಮೂರು ಗಂಟೆ ಆದಮೇಲೆ ಹಸಿದವರಿಗೆ ಕೊಡುವುದು ದಾನವಲ್ಲ, ಅಪಾಯ. ಕೊಡಲು ಯೋಗ್ಯವಾದದ್ದು ಅಡುಗೆಮನೆಯಿಂದ ಹೊರಗೇ ಬಾರದ, ಬಿಸಿಯಾಗಿ ಮುಚ್ಚಿಟ್ಟ ಪಾತ್ರೆ. ಅದನ್ನು ಒಯ್ಯುವ ಸಂಸ್ಥೆಯ ಜೊತೆ ಒಂದು ವಾರ ಮೊದಲೇ ಮಾತಾಡಿ, ಗಾಡಿ ಯಾವಾಗ ಬರುತ್ತದೆ, ಯಾರ ಕೈಗೆ ಕೊಡಬೇಕು, ಡಬ್ಬಿ ಯಾರು ತರುತ್ತಾರೆ ಎಂದು ಬರೆದಿಟ್ಟುಕೊಳ್ಳಬೇಕು.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು, ಡ್ರೈವರ್‌ಗಳು ಎಷ್ಟೋ ಕಡೆ ಪ್ಲೇಟ್ ಲೆಕ್ಕದಲ್ಲೇ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ಮಿಕ್ಕಿದ್ದು ಅವರಿಗೆ. ಇದು ಲೆಕ್ಕಕ್ಕೂ ಸರಿಯಲ್ಲ, ಮನುಷ್ಯತ್ವಕ್ಕೂ ಸರಿಯಲ್ಲ. ಮೊದಲ ಪಟ್ಟಿಯಲ್ಲೇ ಅವರ ಹೆಸರು ಸೇರಲಿ, ಅವರಿಗೂ ಬಿಸಿ ಊಟ ಸಿಗಲಿ. ರಾತ್ರಿ ಹನ್ನೊಂದರವರೆಗೆ ಕಸ ಬೇರ್ಪಡಿಸುವುದು ಅವರೇ. ಆ ಹೊತ್ತಿಗೆ ಓವರ್‌ಟೈಮ್ ದುಡ್ಡು ಕೊಡದೆ ‘ಹಸಿರು ಹಬ್ಬ’ ಎಂದು ಹೇಳಿಕೊಳ್ಳಬಾರದು.

ಯಾರೂ ಕೇಳದ ಉಡುಗೊರೆ

ಮೂರನೆಯದು ಗಿಫ್ಟ್. ಯಾವುದೇ ಕಚೇರಿಯಲ್ಲಿ ಐದಾರು ವರ್ಷ ಇದ್ದವರ ಡ್ರಾಯರ್ ತೆಗೆದು ನೋಡಿ. ಕಂಪನಿಯ ಲೋಗೋ ಇರುವ ಎರಡು ಸ್ಟೀಲ್ ಬಾಟಲಿ, ಒಂದರ ಮುಚ್ಚಳ ಇಲ್ಲ. ಚಾರ್ಜ್ ನಿಲ್ಲದ ಒಂದು ಪವರ್ ಬ್ಯಾಂಕ್. ಪ್ಲಾಸ್ಟಿಕ್ ಕವರ್ ಕೂಡ ತೆಗೆಯದ ಡೈರಿ. ಅಳತೆ ಸರಿಹೋಗದ ಟಿ–ಶರ್ಟ್, ಅದರ ಮೇಲೆ ದೊಡ್ಡದಾಗಿ ಮುದ್ರಿಸಿದ ಇಸವಿ. ಇವೆಲ್ಲ ಪ್ರೀತಿಯಿಂದಲೇ ಕೊಟ್ಟದ್ದು. ಆದರೆ ಬೇಕಾ ಅಂತ ಯಾರೂ ಕೇಳಿರಲಿಲ್ಲ.

ಇವುಗಳ ಹಿಂದಿನ ಲೆಕ್ಕ ಸಣ್ಣದಲ್ಲ. ಜಾಗತಿಕ ಸರಾಸರಿಯಲ್ಲಿ ಒಂದು ಕೆ.ಜಿ. ಹತ್ತಿ ಬಟ್ಟೆಗೆ ಸುಮಾರು 10,000 ಲೀಟರ್ ನೀರು ಹೋಗುತ್ತದೆ. 250 ಗ್ರಾಂನ ಒಂದು ಟಿ–ಶರ್ಟ್‌ಗೆ 2,500 ಲೀಟರ್. 400 ಟಿ–ಶರ್ಟ್ ಮಾಡಿಸಿ ನೂರು ಯಾರಿಗೂ ಸರಿಹೋಗಲಿಲ್ಲ ಅಂದರೆ ಎರಡೂವರೆ ಲಕ್ಷ ಲೀಟರ್ ನೀರು ಡ್ರಾಯರ್‌ನಲ್ಲಿ ಮಲಗಿದೆ ಎಂದಾಯಿತು. ಪವರ್ ಬ್ಯಾಂಕ್, ಇಯರ್‌ಫೋನ್‌ಗಳ ಕಥೆ ಇನ್ನೂ ಕಷ್ಟ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ–ತ್ಯಾಜ್ಯ ಬಂತು. ಅದರಲ್ಲಿ ಸರಿಯಾದ ವ್ಯವಸ್ಥೆಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರ. ಲಿಥಿಯಂ ಬ್ಯಾಟರಿ ಮಾಮೂಲಿ ಕಸಕ್ಕೆ ಸೇರಿದರೆ ಕಸದ ಗಾಡಿಯಲ್ಲೇ ಬೆಂಕಿ ಹೊತ್ತಿಕೊಳ್ಳಬಹುದು.

ಬಟ್ಟೆ ಚೀಲ ಒಳ್ಳೆಯದಲ್ವಾ? ಬಳಸಿದರೆ ಒಳ್ಳೆಯದು. ಡೆನ್ಮಾರ್ಕ್‌ನ ಪರಿಸರ ಸಂರಕ್ಷಣಾ ಇಲಾಖೆ 2018ರಲ್ಲಿ ಅಂಗಡಿ ಚೀಲಗಳನ್ನು ಹೋಲಿಸಿ ನೋಡಿತು. ಮಾಮೂಲಿ ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ಲೆಕ್ಕದಲ್ಲಿ ಮೇಲಾಗಬೇಕಾದರೆ ಹತ್ತಿಯ ಚೀಲವನ್ನು ಕಡೇಪಕ್ಷ 52 ಸಲ ಬಳಸಬೇಕು. ಎಲ್ಲ ಬಗೆಯ ಪರಿಸರ ಪರಿಣಾಮ ಸೇರಿಸಿದರೆ 7,100 ಸಲ. ಈ ಎರಡನೇ ಅಂಕಿ ಓಝೋನ್ ಪದರದ ಮೇಲಿನ ಒಂದು ಪರಿಣಾಮದಿಂದ ಹಿಗ್ಗಿದ್ದು, ಚೀಲಗಳು ಕಸವಾಗಿ ಸಮುದ್ರ ಸೇರುವ ವಿಷಯವನ್ನು ಆ ಅಧ್ಯಯನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಚೀಲವೇ ಸರಿ ಎಂದು ಯಾರೂ ಓದಿಕೊಳ್ಳಬಾರದು. ಮನೆಯಲ್ಲಿ ಈಗಾಗಲೇ ಹನ್ನೆರಡು ಬಟ್ಟೆ ಚೀಲ ಇರುವವರಿಗೆ ಹದಿಮೂರನೆಯದನ್ನು ಕೊಡುವುದರಲ್ಲಿ ಪರಿಸರದ ಕೆಲಸ ಏನೂ ಇಲ್ಲ ಎಂದು ಓದಿಕೊಂಡರೆ ಸಾಕು.

ಹಾಗಾದರೆ ಏನು ಕೊಡುವುದು? ಮೊದಲು ಕೇಳಿ. ಮೂರು ಆಯ್ಕೆ ಇಡಿ: ಅರ್ಧ ದಿನದ ಸಂಬಳ ಸಹಿತ ರಜೆ, ತಮಗೆ ಬೇಕಾದ್ದು ಕೊಳ್ಳಲು ವೋಚರ್, ಅಥವಾ ತಮ್ಮ ಹೆಸರಿನಲ್ಲಿ ಒಂದು ಸಂಸ್ಥೆಗೆ ದೇಣಿಗೆ. ಜನ ಯಾವುದನ್ನು ಹೆಚ್ಚು ಆರಿಸುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ರಜೆಗೆ ಪ್ಯಾಕಿಂಗ್ ಇಲ್ಲ, ಕೊರಿಯರ್ ಇಲ್ಲ, ಅದು ಡ್ರಾಯರ್‌ನಲ್ಲಿ ಕೊಳೆಯುವುದೂ ಇಲ್ಲ. ವಸ್ತುವನ್ನೇ ಕೊಡಬೇಕು ಎಂದಿದ್ದರೆ ಲೋಗೋ ಚಿಕ್ಕದಿರಲಿ, ಇಸವಿ ಬೇಡವೇ ಬೇಡ, ಟಿ–ಶರ್ಟ್ ಆದರೆ ಅಳತೆ ಕೇಳಿದ ಮೇಲೆ ಆರ್ಡರ್ ಹೋಗಲಿ.

‘ಕಾಂಪೋಸ್ಟೆಬಲ್’ ಎಂಬ ಮುದ್ರೆ

ತಟ್ಟೆ, ಲೋಟದ ವಿಷಯಕ್ಕೆ ಈಗ ಬರೋಣ. ಪೇಪರ್ ಲೋಟ ಬರಿ ಪೇಪರ್ ಅಲ್ಲ. ಒಳಗೆ ನೀರು ಸೋರದ ಹಾಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಅದನ್ನು ಬಿಡಿಸಲು ಬೇರೆಯದೇ ಯಂತ್ರ ಬೇಕು, ಹಾಗಾಗಿ ಹೆಚ್ಚಿನ ಕಡೆ ಈ ಲೋಟ ಮರುಬಳಕೆಗೆ ಹೋಗುವುದೇ ಇಲ್ಲ. ಇನ್ನು ‘ಕಾಂಪೋಸ್ಟೆಬಲ್’, ಅಂದರೆ ಕೊಳೆತು ಗೊಬ್ಬರವಾಗುತ್ತದೆ ಎಂಬ ಮುದ್ರೆ ಹೊತ್ತು ಬರುವ ಸಸ್ಯಮೂಲದ ಪಿಎಲ್‌ಎ ಪ್ಲಾಸ್ಟಿಕ್. ಅದು ಕರಗುತ್ತದೆ ನಿಜ, ಆದರೆ 60 ಡಿಗ್ರಿ ಹತ್ತಿರದ ಶಾಖ ಹಿಡಿದಿಡುವ ಕೈಗಾರಿಕಾ ಕಾಂಪೋಸ್ಟ್ ಘಟಕದಲ್ಲಿ. ಯುರೋಪಿನ ಇಎನ್ 13432 ಎಂಬ ಮಾನದಂಡ ಪರೀಕ್ಷಿಸುವುದೂ ಅಂಥ ಘಟಕದ ಪರಿಸ್ಥಿತಿಯನ್ನೇ: 12 ವಾರದಲ್ಲಿ ಚೂರಾಗಬೇಕು, ಆರು ತಿಂಗಳೊಳಗೆ ಶೇ 90 ಜೈವಿಕವಾಗಿ ಕರಗಬೇಕು. ಹಿತ್ತಲ ಗೊಬ್ಬರದ ಗುಂಡಿಯಲ್ಲಿ ಅದು ವರ್ಷಗಟ್ಟಲೆ ಹಾಗೇ ಇರಬಹುದು. ಮಾಮೂಲಿ ಪ್ಲಾಸ್ಟಿಕ್ ಜೊತೆ ಸೇರಿಬಿಟ್ಟರೆ ಅಲ್ಲಿನ ಮರುಬಳಕೆಯನ್ನೂ ಕೆಡಿಸುತ್ತದೆ.

ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ನಮ್ಮ ಕಸ ಹೋಗುವ ಕಡೆ ಇಂಥ ಘಟಕ ಇದೆಯಾ? ಇಲ್ಲ ಅಂದರೆ ಆ ಮುದ್ರೆಗೆ ಕೊಟ್ಟ ಹೆಚ್ಚಿನ ದುಡ್ಡು ನೀರಿಗೆ ಹೋಯಿತು. ಕೇಟರಿಂಗ್‌ನವರ ಸ್ಟೀಲ್ ಅಥವಾ ಪಿಂಗಾಣಿ ತಟ್ಟೆ, ಗಾಜಿನ ಲೋಟ ಬಾಡಿಗೆಗೆ ಸಿಗುತ್ತವೆ. ತೊಳೆಯಲು ನೀರು, ಕರೆಂಟ್ ಬೇಕು ನಿಜ, ಆದರೆ ನೂರಾರು ಸಲ ಬಳಸುವ ತಟ್ಟೆ ಒಂದೇ ಸಲ ಬಳಸಿ ಎಸೆಯುವ ತಟ್ಟೆಗಿಂತ ಬೇಗ ಮುಂದೆ ಹೋಗುತ್ತದೆ. ನೀರಿಗೆ ದೊಡ್ಡ ಕ್ಯಾನ್ ಇಟ್ಟು, ಅವರವರ ಬಾಟಲಿ ತರಲು ಹೇಳಿದರೆ ಸಣ್ಣ ಬಾಟಲಿಗಳ ರಾಶಿಯೇ ಇಲ್ಲವಾಗುತ್ತದೆ. ಡ್ರಾಯರ್‌ನಲ್ಲಿರುವ ಆ ಸ್ಟೀಲ್ ಬಾಟಲಿಗಳಿಗೂ ಕೆಲಸ ಸಿಗುತ್ತದೆ.

ಅಲಂಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಡಿಗೆಗೆ ತನ್ನಿ, ಬಟ್ಟೆಯದ್ದು ತನ್ನಿ, ಇಸವಿ ಹಾಕಿಸದೆ ಜೋಪಾನವಾಗಿ ಮಡಚಿಡಿ, ಮುಂದಿನ ಸಲಕ್ಕೆ ಬರುತ್ತದೆ. ಎಲ್‌ಇಡಿ ದೀಪ ಹಳೆಯ ಬಲ್ಬಿಗಿಂತ ಕಡೇಪಕ್ಷ ಶೇ 75 ಕಡಿಮೆ ಕರೆಂಟ್ ತಿನ್ನುತ್ತದೆ. ಮಿನುಗುವ ಗ್ಲಿಟರ್ ಪುಡಿ ಅಸಲಿಗೆ ಸೂಕ್ಷ್ಮ ಪ್ಲಾಸ್ಟಿಕ್, ಗುಡಿಸಿದರೂ ಹೋಗುವುದಿಲ್ಲ. ಯುರೋಪಿಯನ್ ಒಕ್ಕೂಟ 2023ರ ಅಕ್ಟೋಬರ್‌ನಿಂದ ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟವನ್ನೇ ನಿಷೇಧಿಸಿದೆ. ತೆರೆದ ಜಾಗದಲ್ಲಿ ರಾತ್ರಿ ಕಾರ್ಯಕ್ರಮ ಇಟ್ಟರೆ ಡೀಸೆಲ್ ಜನರೇಟರ್ ಬೇಕಾಗುತ್ತದೆ. ಅದು ಸುಡುವ ಪ್ರತಿ ಲೀಟರ್‌ಗೆ 2.7 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಹಗಲು ಮಾಡಿದರೆ ಈ ಖರ್ಚೇ ಇಲ್ಲ.

ಗಿಡ ನೆಟ್ಟು ಸರಿದೂಗಿಸಬಹುದಾ?

ಪ್ರಯಾಣ, ಊಟ, ಗಿಫ್ಟ್ ಎಲ್ಲ ಹಳೆಯ ಹಾಗೇ ಇಟ್ಟುಕೊಂಡು ಕೊನೆಗೆ ಗಿಡ ನೆಟ್ಟರೆ ಅಥವಾ ಕಾರ್ಬನ್ ಕ್ರೆಡಿಟ್ (ಬೇರೆ ಕಡೆ ಹೊರಸೂಸುವಿಕೆ ತಗ್ಗಿಸಿದ್ದಕ್ಕೆ ದುಡ್ಡು ಕೊಟ್ಟು ಪಡೆಯುವ ಪತ್ರ) ಕೊಂಡರೆ ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆ ಇದೆ. ಇದು ತುಂಬ ಆಕರ್ಷಕ, ಯಾಕೆಂದರೆ ಏನನ್ನೂ ಬಿಡಬೇಕಾಗಿಲ್ಲ. ಆದರೆ ವಿಮಾನದ ಹೊಗೆ ಇವತ್ತೇ ಗಾಳಿ ಸೇರುತ್ತದೆ. ಇವತ್ತು ನೆಟ್ಟ ಗಿಡ ಅಷ್ಟನ್ನು ಹೀರಿಕೊಳ್ಳಲು ಹತ್ತಾರು ವರ್ಷ ಬೇಕು, ಅದೂ ಬದುಕಿ ಉಳಿದರೆ. ಮೊದಲ ಎರಡು ಮೂರು ವರ್ಷ ನೀರು ಹಾಕಿ, ಬೇಲಿ ಕಟ್ಟಿ ನೋಡಿಕೊಳ್ಳುವವರು ಯಾರು ಎಂದು ಗೊತ್ತಿಲ್ಲದಿದ್ದರೆ ಅದು ಫೋಟೊಕ್ಕಷ್ಟೇ ಆದ ಗಿಡ. ಯುರೋಪಿಯನ್ ಒಕ್ಕೂಟ 2024ರಲ್ಲಿ ತಂದ ಒಂದು ಕಾನೂನು ಇಲ್ಲಿ ನೆನಪಿಡುವಂಥದ್ದು. ಬರಿ ಕ್ರೆಡಿಟ್ ಕೊಂಡು ‘ನಮ್ಮ ಸಾಮಾನು ಕಾರ್ಬನ್ ನ್ಯೂಟ್ರಲ್’ ಎಂದು ಗ್ರಾಹಕರಿಗೆ ಹೇಳಿಕೊಳ್ಳುವುದನ್ನು ಅದು ತಡೆಯುತ್ತದೆ, 2026ರ ಸೆಪ್ಟೆಂಬರ್ 27ರಿಂದ ಅದು ಜಾರಿ. ಪಾರ್ಟಿಗೆ ಆ ಕಾನೂನು ಹತ್ತುವುದಿಲ್ಲ. ಆದರೂ ‘ಝೀರೋ ಕಾರ್ಬನ್ ಪಾರ್ಟಿ’ ಎಂದು ಮೇಲ್ ಕಳಿಸುವ ಮುನ್ನ ಯೋಚಿಸಬೇಕಾದ ಮಾತು ಅದರಲ್ಲಿದೆ. ಗಿಡ ನೆಡಿ, ಖಂಡಿತ ನೆಡಿ, ಗಿಡ ಬೇಕು ಅಂತ ನೆಡಿ. 25 ಟನ್‌ನ ರಸೀದಿ ಹರಿಯಲು ಅದನ್ನು ಬಳಸಬೇಡಿ.

ಇದೆಲ್ಲ ಓದಿ ಉದ್ಯೋಗಿಗಳ ಮನಸ್ಸಿನಲ್ಲಿ ಏಳುವ ಒಂದು ಅನುಮಾನ ನನಗೆ ಗೊತ್ತು. ಗಿಫ್ಟ್ ಇಲ್ಲ, ರೆಸಾರ್ಟ್ ಇಲ್ಲ, ಐಟಂ ಕಡಿಮೆ. ಪರಿಸರದ ಹೆಸರಿನಲ್ಲಿ ಕಂಪನಿ ಖರ್ಚು ಕಡಿತ ಮಾಡುತ್ತಿದೆ ಅಲ್ವಾ? ಎಷ್ಟೋ ಕಡೆ ಈ ಅನುಮಾನ ನಿಜವೂ ಆಗಿದೆ, ಅದರಿಂದ ಇಡೀ ವಿಚಾರಕ್ಕೇ ಕೆಟ್ಟ ಹೆಸರು ಬಂದಿದೆ. ಇದಕ್ಕೆ ಒಂದೇ ಮದ್ದು, ದುಡ್ಡಿನ ಲೆಕ್ಕವನ್ನು ತೆರೆದಿಡುವುದು. ಟಿಕೆಟ್‌ನಲ್ಲಿ ಇಷ್ಟು ಉಳಿಯಿತು, ಗಿಫ್ಟ್‌ನಲ್ಲಿ ಇಷ್ಟು. ಅದರಲ್ಲಿ ಇಷ್ಟು ಒಳ್ಳೆಯ ಊಟಕ್ಕೆ, ಇಷ್ಟು ಹಾಡುಗಾರರಿಗೆ, ಇಷ್ಟು ಹೌಸ್‌ಕೀಪಿಂಗ್‌ನವರ ಬೋನಸ್‌ಗೆ ಹೋಯಿತು ಎಂದು ಅದೇ ಮೇಲ್‌ನಲ್ಲಿ ಬರೆಯಿರಿ. ಉಳಿದದ್ದು ಜನರ ಸಂತೋಷಕ್ಕೇ ವಾಪಸ್ ಬಂದರೆ ಯಾರೂ ಗೊಣಗುವುದಿಲ್ಲ.

ಕಾರ್ಯಕ್ರಮಗಳನ್ನು ಪರಿಸರಕ್ಕೆ ಹೊರೆಯಾಗದ ಹಾಗೆ ನಡೆಸಲು ಐಎಸ್‌ಒ 20121 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ. 2012ರ ಲಂಡನ್ ಒಲಿಂಪಿಕ್ಸ್ ತಯಾರಿಯ ಹೊತ್ತಿನಲ್ಲಿ ಹುಟ್ಟಿದ್ದು, 2024ರಲ್ಲಿ ಪರಿಷ್ಕರಣೆಯಾಯಿತು. 400 ಜನರ ಪಾರ್ಟಿಗೆ ಅದರ ಸರ್ಟಿಫಿಕೇಟ್ ಬೇಕಾಗಿಲ್ಲ. ಅದರಲ್ಲಿರುವ ಮುಖ್ಯ ಅಂಶವಾದ ಅಳತೆಯನ್ನು ಮಾತ್ರ ತೆಗೆದುಕೊಂಡರೆ ಸಾಕು. ಒಂದು ತೂಕದ ಯಂತ್ರ ಇಡಿ. ಅಡುಗೆಮನೆಯಲ್ಲಿ ಉಳಿದದ್ದು, ಬಫೆಯಲ್ಲಿ ಉಳಿದದ್ದು, ತಟ್ಟೆಯಲ್ಲಿ ಉಳಿದದ್ದು, ಈ ಮೂರನ್ನೂ ಬೇರೆ ಬೇರೆ ತೂಗಿ. ಅಡುಗೆಮನೆಯಲ್ಲಿ ಜಾಸ್ತಿ ಉಳಿದಿದ್ದರೆ ತಲೆ ಎಣಿಕೆ ತಪ್ಪಿದೆ. ಬಫೆಯಲ್ಲಿ ಉಳಿದಿದ್ದರೆ ಪಾತ್ರೆ ತುಂಬಿಸುವುದನ್ನು ಬೇಗ ನಿಲ್ಲಿಸಬೇಕಿತ್ತು. ತಟ್ಟೆಯಲ್ಲಿ ಉಳಿದಿದ್ದರೆ ಐಟಂ ಜಾಸ್ತಿಯಾಯಿತು ಅಥವಾ ರುಚಿ ಕೆಟ್ಟಿತ್ತು. ಜೊತೆಗೆ ಎಷ್ಟು ಜನ ಹೇಳಿದ್ದರು, ಎಷ್ಟು ಜನ ಉಂಡರು, ಯಾವುದರಲ್ಲಿ ಬಂದರು, ಯಾವ ಗಿಫ್ಟ್ ಎಷ್ಟು ಮಂದಿ ಆರಿಸಿಕೊಂಡರು ಎಂದು ಬರೆಯಿರಿ. ಎಲ್ಲ ಸೇರಿ ಒಂದು ಪುಟ ಆಗುತ್ತದೆ.

ಆ ಪುಟ ಮುಂದಿನ ವರ್ಷದ ಕಮಿಟಿಯ ಕೈಗೆ ಸೇರಬೇಕು. ಕಮಿಟಿಯ ಜನ ಪ್ರತಿವರ್ಷ ಬದಲಾಗುತ್ತಾರೆ. ಕೇಟರಿಂಗ್‌ನವರೊಂದಿಗೆ ಮೊದಲ ಮಾತುಕತೆಗೆ ಕೂತಾಗ ಕೈಯಲ್ಲಿ ಹಿಂದಿನ ಸಲದ 320 ಎಂಬ ಸಂಖ್ಯೆ ಇದ್ದರೆ, 484 ಊಟ ಬೇಯಿಸುವ ಪ್ರಮೇಯವೇ ಬರುವುದಿಲ್ಲ.